ಹನಿ ಡೀಸೆಲ್ಲೂ ಇಲ್ಲದೆ

ಹುಣಸಮಾರನಹಳ್ಳಿಯ ಬಸ್ ಸ್ಟಾಪಿನ ಎದುರಿಗಿರುವ ಟೀ ಅಂಗಡಿಯಲ್ಲಿ ಕಾಲು ಗಂಟೆ ಕೂತರೆ ಸಾಕು, ನೀವು ಕೇಳಲಿ ಬಿಡಲಿ, ಯಾರಾದರೊಬ್ಬರು ಮುನಿಶಾಮಣ್ಣನ ಎಂಜಿನ್ನಿನ ಕಥೆಯನ್ನು ನಿಮ್ಮ ಲೋಟದ ಪಕ್ಕದಲ್ಲಿ ಇಟ್ಟುಬಿಡುತ್ತಾರೆ. ಹನಿ ಡೀಸೆಲ್ಲೂ ಇಲ್ಲದೆ, ಬರೀ ಸಗಣಿಯ ಬಲದಿಂದ, ಐದು ಕುದುರೆಶಕ್ತಿಯ ಪಂಪ್‌ಸೆಟ್ಟು ಬೆಳಗಿನಿಂದ ಬೈಗಿನವರೆಗೆ ಓಡಿ ಎರಡೆಕರೆ ದ್ರಾಕ್ಷಿತೋಟವನ್ನು ಉಳಿಸಿತು ಎಂಬುದು ಕಥೆ. ಹೋದ ತಿಂಗಳು ನಾನು ಕೇಳಿದ ಆವೃತ್ತಿಯಲ್ಲಿ ಮುನಿಶಾಮಣ್ಣ ಬಕೆಟ್ಟಿನಲ್ಲಿ ಸಗಣಿ ಕದಡಿ ನೇರವಾಗಿ ಡೀಸೆಲ್ ಟ್ಯಾಂಕಿಗೇ ಹೊಯ್ದಿದ್ದ. ಇನ್ನೆರಡು ಮಳೆಗಾಲ ಕಳೆದರೆ ಹಸುವನ್ನೇ ತಂದು ಎಂಜಿನ್ನಿಗೆ ಜೋಡಿಸುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಉಳಿದ ಎಲ್ಲದರಲ್ಲೂ ಇದೆ. ಸಂಶಯ ನನ್ನ ಸ್ವಭಾವ. ನಮ್ಮಪ್ಪನ ಪ್ರಕಾರ ನನ್ನ ಕಾಯಿಲೆ. ಜಾಲಹಳ್ಳಿಯ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದು ಕ್ವಾರ್ಟರ್ಸಿನಲ್ಲಿ ಬೇರೂರಿದ ಅವರು ಮನೆಗೆ ಬಂದವರಿಗೆಲ್ಲ ನನ್ನನ್ನು ಪರಿಚಯಿಸುತ್ತಿದ್ದುದೇ ಹೀಗೆ: "ಇಂವಗ ಉಪ್ಪಿಟ್ಟ ಕೊಟ್ರ, ಇದು ಉಪ್ಪಿಟ್ಟ ಅನ್ನಾಕ ಏನ್ ಆಧಾರ ಅಂತ ಕೇಳ್ತಾನ." ಆಧಾರ ಕೇಳುವುದರಲ್ಲಿ ನನಗೆ ತರಬೇತಿಯೂ ಆಗಿತ್ತು. ವಿಜ್ಞಾನವು ವರವೇ ಹೊರತು ಶಾಪವಲ್ಲವೆಂದು ಯಶವಂತಪುರದ ಚರ್ಚಾಸ್ಪರ್ಧೆಯಲ್ಲಿ ಸಾಧಿಸಿ ಒಂದು ಕಪ್ಪನ್ನೂ, ಹದಿನೈದು ದಿನ ಬಿಟ್ಟು, ಶಾಪವೇ ಹೊರತು ವರವಲ್ಲವೆಂದು ಆರ್.ಟಿ. ನಗರದಲ್ಲಿ ಸಾಧಿಸಿ ಅದರ ಜೋಡಿಯನ್ನೂ ಮನೆಗೆ ತಂದವನು ನಾನು. ಎರಡೂ ಒಂದೇ ಕಪಾಟಿನಲ್ಲಿ ಇವತ್ತಿಗೂ ಜಗಳವಿಲ್ಲದೆ ನಿಂತಿವೆ. ಇಂಥ ಪ್ರತಿಷ್ಠೆಯ ದೆಸೆಯಿಂದಲೇ ಮೂರು ವರ್ಷದ ಹಿಂದೆ ನಾನು ಒಂದು ಎಂಜಿನ್ನಿಗೆ ನ್ಯಾಯಾಧೀಶನಾದೆ.

ಮುನಿಶಾಮಣ್ಣ ಅಪ್ಪನ ಸೆಕ್ಷನ್ನಿನ ಫಿಟ್ಟರು. ಫಸ್ಟ್ ಶಿಫ್ಟ್ ಮುಗಿಸಿ, ಸೈಕಲ್ ತುಳಿದು ಊರು ಸೇರಿ, ಅಣ್ಣ ಪಿಳ್ಳಪ್ಪನ ಜೊತೆ ತೋಟದಲ್ಲಿ ಸೆಕೆಂಡ್ ಶಿಫ್ಟ್ ಮಾಡುತ್ತಿದ್ದ. ಆ ಬೇಸಗೆಯಲ್ಲಿ ಡೀಸೆಲ್ಲಿಗೆ ಎಂಥ ಅಭಾವವಿತ್ತೆಂದರೆ ಯಲಹಂಕದ ಬಂಕಿನ ಮುಂದೆ ಮನುಷ್ಯರಿಗಿಂತ ಮೊದಲೇ ಅವರ ಕ್ಯಾನುಗಳು, ಗುರುತಿಗೊಂದೊಂದು ಟವೆಲ್ ಹೊದ್ದು, ಶಿಸ್ತಾಗಿ ಸಾಲುಗಟ್ಟಿರುತ್ತಿದ್ದವು. ಕರೆಂಟಿಗೆ ಹಾಕಿದ ಅರ್ಜಿ ಯಾವುದೋ ಮೇಜಿನ ಮೇಲೆ ಸುಖನಿದ್ರೆಯಲ್ಲಿತ್ತು. ಬಾವಿಯಲ್ಲಿ ನೀರಿತ್ತು, ಬಳ್ಳಿಯಲ್ಲಿ ಕಾಯಿ ಕಚ್ಚುತ್ತಿತ್ತು, ಎರಡರ ನಡುವೆ ಎಂಜಿನ್ನು ಬಾಯಿ ಒಣಗಿಸಿಕೊಂಡು ಕೂತಿತ್ತು. ಇಟ್ಟಿಗೆ ಗೂಡಿನವನೊಬ್ಬ ತೋಟದ ಅಂಚಿನಲ್ಲಿ ಆಗಲೇ ಎರಡು ಸಲ ಅಡ್ಡಾಡಿ ಹೋಗಿದ್ದ. ಬಳ್ಳಿ ಕಿತ್ತು ಕೊಟ್ಟರೆ ಮೂರಡಿ ಮೇಲ್ಮಣ್ಣನ್ನು ಅವನೇ ದುಡ್ಡು ಕೊಟ್ಟು ಕೊರೆದು ಒಯ್ಯುತ್ತಾನಂತೆ. ಪಿಳ್ಳಪ್ಪ ಮುಕ್ಕಾಲು ಪಾಲು ಒಪ್ಪಿಯೇಬಿಟ್ಟಿದ್ದ.

"ಯುಗಾದಿಗಂಟ ತಡಿ ಅಣ್ಣ" ಎಂದ ಮುನಿಶಾಮಣ್ಣ. "ಮನೆ ಇಂದ್ಗಡೆ ಗೋಬರ್ ಗ್ಯಾಸ್ ಐತೆ. ಅದನ್ನ ಎಂಜಿನ್ಗೆ ಕೊಡ್ತೀನಿ. ಮುಕ್ಕಾಲು ಎಣ್ಣೆ ಉಳುಸ್ತೀನಿ."

"ಉಳೀತು ಅಂತ ಯಾರ್ ಏಳ್ಬೇಕು? ನೀನೇ ಮಾಡಿ ನೀನೇ ಏಳ್ಕೊಂಡ್ರೆ ಆಯ್ತಾ?"

ಮೂರನೆಯವನೊಬ್ಬ ಬೇಕಾಯಿತು. ಮುನಿಶಾಮಣ್ಣ ನನ್ನ ಹೆಸರು ಹೇಳಿದ. ಪಿಳ್ಳಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ವಯ್ಯ ಅವ್ರಪ್ಪನ್ನೇ ನಂಬಾಕಿಲ್ವಂತೆ. ಇವ್ನೇ ಸರಿ" ಎಂದು ನೇಮಕಾತಿಯನ್ನು ಅಂಗೀಕರಿಸಿದ. ನನ್ನ ಅರ್ಹತೆಯನ್ನು ಇಷ್ಟು ಸಂಕ್ಷಿಪ್ತವಾಗಿ ಯಾವ ತೀರ್ಪುಗಾರರೂ ಹೇಳಿರಲಿಲ್ಲ.

ಟೀ ಅಂಗಡಿಯ ಕಥೆಗೆ ನನ್ನ ಮೊದಲ ಆಕ್ಷೇಪಣೆ ಇಲ್ಲಿಂದಲೇ ಶುರು. ಹನಿ ಡೀಸೆಲ್ಲೂ ಇಲ್ಲದೆ ಈ ಎಂಜಿನ್ನು ಓಡುವುದೇ ಇಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಒತ್ತಿ ಒತ್ತಿ, ಆ ಒತ್ತಡದ ಬಿಸಿಗೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳಬೇಕು. ಗೋಬರ್ ಗ್ಯಾಸು ಅಷ್ಟು ಬಿಸಿಗೆಲ್ಲ ಜಗ್ಗುವ ಜಾತಿಯದಲ್ಲ. ಆದ್ದರಿಂದ ಮೊದಲು ಹ್ಯಾಂಡಲ್ ತಿರುಗಿಸಿ ಡೀಸೆಲ್ಲಿನಲ್ಲೇ ಶುರು ಮಾಡಿ, ಆಮೇಲೆ ಗಾಳಿ ಒಳಹೋಗುವ ದಾರಿಯಲ್ಲಿ ಒಂದು ಕವಲು ಪೈಪಿನ ಮೂಲಕ ಗ್ಯಾಸನ್ನು ಮೆಲ್ಲಗೆ ಬಿಡಬೇಕು. ಸ್ವಲ್ಪ ಡೀಸೆಲ್ ಹೊತ್ತಿಕೊಂಡು ಗ್ಯಾಸನ್ನೂ ಹೊತ್ತಿಸುತ್ತದೆ. ಗ್ಯಾಸು ಬಂದಷ್ಟೂ ಗವರ್ನರ್ ಎಂಬ ಭಾಗವು ಡೀಸೆಲ್ಲನ್ನು ತಾನಾಗಿಯೇ ಕಡಿಮೆ ಮಾಡುತ್ತದೆ. ಗ್ಯಾಸು ನಿಂತರೆ ಯಾರಿಗೂ ಹೇಳದೆ ಕೇಳದೆ ಡೀಸೆಲ್ಲನ್ನು ಮತ್ತೆ ಹೆಚ್ಚಿಸಿಕೊಂಡು ಅದೇ ವೇಗದಲ್ಲಿ ಓಡುತ್ತದೆ. ಈ ಕೊನೆಯ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ದಿನವಿಡೀ ಓಡಿತೆಂಬುದೂ ಉತ್ಪ್ರೇಕ್ಷೆ. ಹತ್ತು ದನಗಳು ಒಂದು ಹಗಲು, ಒಂದು ರಾತ್ರಿ ನಿಷ್ಠೆಯಿಂದ ದುಡಿದು ಕೊಡುವ ಗ್ಯಾಸು ಆ ಎಂಜಿನ್ನಿಗೆ ಹೆಚ್ಚೆಂದರೆ ಎರಡು ಗಂಟೆಯ ಊಟ. ಅದೂ ಅಡುಗೆಮನೆಗೆ ಒಂದಿಷ್ಟೂ ಕೊಡದಿದ್ದರೆ. ಏಕೆಂದರೆ ಆ ಗ್ಯಾಸ್ ಟ್ಯಾಂಕು ಹುಟ್ಟಿದ್ದು ಎಂಜಿನ್ನಿಗಾಗಿ ಅಲ್ಲ, ಮುನಿಶಾಮಣ್ಣನ ಹೆಂಡತಿ ಅಕ್ಕಯ್ಯಮ್ಮನ ಒಲೆಗಾಗಿ. ಎರಡು ವರ್ಷದಿಂದ ಆ ಅಡುಗೆಮನೆಯಲ್ಲಿ ಹೊಗೆಯಿರಲಿಲ್ಲ, ಗೋಡೆಗೆ ಬಳಿದ ಸುಣ್ಣ ಇನ್ನೂ ಸುಣ್ಣದ ಬಣ್ಣದಲ್ಲೇ ಇತ್ತು. ಪೈಪನ್ನು ಬಾವಿಯ ಕಡೆಗೆ ತಿರುಗಿಸುವ ಮಾತು ಗಂಡ ಮತ್ತು ಭಾವನ ನಡುವೆ ನಡೆಯಿತು, ತೀರ್ಪುಗಾರನಾಗಿ ನಾನೂ ಬಾಯಿ ಹಾಕಿದೆ. ಒಲೆಯ ಪರವಾಗಿ ಯಾರೂ ವಾದಿಸಲಿಲ್ಲ. ಎರಡೂ ಪಕ್ಷದಲ್ಲಿ ವಾದಿಸಿ ಗೆದ್ದವನಿಗೆ ಮೂರನೆಯ ಪಕ್ಷವೊಂದು ಇದ್ದೀತೆಂದು ಹೊಳೆಯಲಿಲ್ಲ.

ಪರೀಕ್ಷೆಯ ವಿಧಾನವನ್ನು ನಾನೇ ರೂಪಿಸಿದೆ. ಡೀಸೆಲ್ ಟ್ಯಾಂಕಿನ ಪೈಪು ಬಿಚ್ಚಿ, ಅದರ ಬದಲು ಒಂದು ಶರಬತ್ತಿನ ಗಾಜಿನ ಸೀಸೆಯನ್ನು ಬುಡ ಒಡೆದು ತಲೆಕೆಳಗಾಗಿ ಕಟ್ಟಿ, ಅದರ ಮೈಗೆ ಹತ್ತು ಗೆರೆ ಎಳೆದ ಕಾಗದದ ಪಟ್ಟಿ ಅಂಟಿಸುವುದು. ಅರ್ಧ ಗಂಟೆ ಬರೀ ಡೀಸೆಲ್, ಅರ್ಧ ಗಂಟೆ ಗ್ಯಾಸಿನ ಜೊತೆ. ಎಷ್ಟೆಷ್ಟು ಗೆರೆ ಇಳಿಯಿತೋ ಅದೇ ತೀರ್ಪು. ಮಾತಿಗೆ ಜಾಗವೇ ಇಲ್ಲದ ಪರೀಕ್ಷೆಯನ್ನು ಮಾತುಗಾರನೊಬ್ಬ ರೂಪಿಸಿದ್ದನ್ನು ನಾನು ಆಗ ಬಹಳ ಮೆಚ್ಚಿಕೊಂಡಿದ್ದೆ.

ಜೊತೆಗೆ ಒಂದು ಸಲಹೆಯನ್ನೂ ಕೊಟ್ಟೆ. ಊರವರು ನೋಡಲು ಬರುತ್ತಾರೆ, ಜಾಗವೆಲ್ಲ ಪ್ರಯೋಗಶಾಲೆಯಂತೆ ಶುಭ್ರವಾಗಿರಲಿ ಎಂದೆ. ಮುನಿಶಾಮಣ್ಣ ಕಾರ್ಖಾನೆಯ ಮನುಷ್ಯ. ಅಲ್ಲಿ ದೊಡ್ಡ ಸಾಹೇಬರ ತಪಾಸಣೆಯೆಂದರೆ ಹಿಂದಿನ ದಿನವೇ ನೆಲವೆಲ್ಲ ಫಿನಾಯಿಲ್ ಕುಡಿದು ಬೆಳ್ಳಗಾಗಬೇಕು. ಅದೇ ಶ್ರದ್ಧೆಯಿಂದ ಅವನು ಬುಧವಾರ ಎರಡು ದೊಡ್ಡ ಬಾಟಲಿ ಫಿನಾಯಿಲ್ ತಂದು ದನದ ಕೊಟ್ಟಿಗೆಯನ್ನು ಉಜ್ಜಿ ತೊಳೆದ. ಕೊಟ್ಟಿಗೆಯ ಚರಂಡಿ ಗಂಜಲದ ಸಮೇತ ನೇರ ಗ್ಯಾಸ್ ಟ್ಯಾಂಕಿಗೇ ಇಳಿಯುವಂತೆ ಕಟ್ಟಿದ್ದವನೂ ಅವನೇ.

ಭಾನುವಾರ ಬೆಳಿಗ್ಗೆ ಬಾವಿಯ ಪಕ್ಕದ ಎಂಜಿನ್ ಕೋಣೆಯಲ್ಲಿ ಪರೀಕ್ಷೆ ನಡೆಯಿತು. ಮೊದಲರ್ಧ ಗಂಟೆ ಸೀಸೆಯನ್ನು ನಾನು ಕಣ್ಣು ಮಿಟುಕಿಸದೆ ಕಾದೆ. ಎಂಟು ಗೆರೆ ಇಳಿಯಿತು. ಸೀಸೆಯನ್ನು ಮತ್ತೆ ತುಂಬಿಸಿ, ಗ್ಯಾಸಿನ ತಿರುಪು ಬಿಟ್ಟದ್ದಾಯಿತು. ಮುನಿಶಾಮಣ್ಣ ತಿರುಪಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಎಂಜಿನ್ನಿನ ಎದೆಬಡಿತ ಕೇಳುತ್ತ ಕೂತ. ಆಗ ಪಿಳ್ಳಪ್ಪ ಹೊರಗಿನಿಂದ ತಣ್ಣಗೆ ಒಂದು ಮಾತೆಸೆದ: "ಮೂರಡಿ ಮಣ್ ಓದ್ರೆ ಏನಾಯ್ತು ಬುಡಯ್ಯ, ಅದ್ರ ಕೆಳಗೂ ಮಣ್ಣೇ ಅಲ್ವೇ?"

ಇಂಥ ವಾದವನ್ನು ಕೇಳಿಯೂ ಸುಮ್ಮನಿರುವವನಿಗೆ ಯಾವ ಕಪ್ಪೂ ಸಿಗುವುದಿಲ್ಲ. ನಾನು ಎದ್ದೆ. ಪಿಳ್ಳಪ್ಪನನ್ನು ಬಳ್ಳಿಯ ಬುಡಕ್ಕೆ ಕರೆದೊಯ್ದು, ಮಣ್ಣು ಕೆದಕಿ, ಮೇಲ್ಮಣ್ಣಿನ ಮಹಿಮೆ, ಕೆಳಮಣ್ಣಿನ ಬಂಜೆತನ, ಒಮ್ಮೆ ಕೊರೆದದ್ದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲವೆಂಬ ಸಂಗತಿ, ಎಲ್ಲವನ್ನೂ ಪೂರ್ವಪಕ್ಷ ಉತ್ತರಪಕ್ಷ ಸಮೇತ ನಿರೂಪಿಸಿದೆ. ನೋಡಲು ಬಂದ ನಾಲ್ಕು ಜನವೂ ಎಂಜಿನ್ನು ಬಿಟ್ಟು ನಮ್ಮ ಸುತ್ತ ಸೇರಿದರು. ಅಕ್ಕಯ್ಯಮ್ಮ ಮಜ್ಜಿಗೆ ಪಾತ್ರೆ ಹಿಡಿದು ಎಂಜಿನ್ ಕೋಣೆಗೆ ಹೋದದ್ದನ್ನು ಕಂಡೆ. ಅವರ ಕಣ್ಣು ಕೆಂಪಾಗಿದ್ದುದನ್ನೂ, ಮನೆಯ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿದ್ದುದನ್ನೂ ಕಂಡೆ. ಎಂಜಿನ್ನಿಗೆಂದು ಗ್ಯಾಸು ಉಳಿಸಿ ಸೌದೆ ಹಚ್ಚಿದ್ದಾರೆ, ಪಾಪ, ಎಂದುಕೊಂಡು ವಾದ ಮುಂದುವರಿಸಿದೆ. ಗಡಿಯಾರ ನೋಡಿಕೊಂಡು ಓಡಿಬಂದಾಗ ಸೀಸೆಯಲ್ಲಿ ಇಳಿದಿದ್ದುದು ಎರಡೇ ಗೆರೆ.

"ಗ್ಯಾಸು ಗೆದ್ದಿದೆ" ಎಂದು ಘೋಷಿಸಿದೆ. ಪಿಳ್ಳಪ್ಪ ಗೆರೆಗಳನ್ನು ಬೆರಳಿಟ್ಟು ಎಣಿಸಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಇಟ್ಟಿಗೆ ಗೂಡಿನವನಿಗೆ ಆಗುವುದಿಲ್ಲವೆಂದು ಹೇಳಿಬರಲು ಅಲ್ಲಿಂದಲೇ ನಡೆದ.

ಮಂಗಳವಾರ ಮುನಿಶಾಮಣ್ಣ ಶಿಫ್ಟು ಮುಗಿಸಿ ನೇರ ನಮ್ಮ ಮನೆಗೆ ಬಂದ. ಎಂಜಿನ್ನು ಪೂರ್ತಿ ಡೀಸೆಲ್ ಕುಡಿಯುತ್ತಿದೆ, ಒಲೆಯೂ ಹೊತ್ತುತ್ತಿಲ್ಲ. ಗೋಬರ್ ಗ್ಯಾಸಿನ ಮೇಲ್ವಿಚಾರಣೆ ನೋಡುವ ಒಬ್ಬರನ್ನು ಕರೆದೊಯ್ದೆವು. ಗ್ಯಾಸು ತುಂಬಿದರೆ ಮೇಲೇಳಬೇಕಾದ ಕಬ್ಬಿಣದ ಡ್ರಮ್ಮು ತಳ ಕಚ್ಚಿ ಕೂತಿತ್ತು. ಅವರು ಬಗ್ಗಿ ಮೂಸಿದರು. "ಫಿನಾಯಿಲ್ ಹಾಕಿದೀರಾ? ಗ್ಯಾಸ್ ಹುಟ್ಸೋ ಹುಳಾನೆಲ್ಲ ಸಾಯ್ಸಿದೀರಲ್ರೀ. ಇದು ಭಾನುವಾರಕ್ಕಿಂತ ಮುಂಚೇನೇ ಸತ್ತಿದೆ."

"ಭಾನುವಾರ ಎಂಜಿನ್ ಓಡ್ತಲ್ಲ ಸಾರ್" ಎಂದ ಮುನಿಶಾಮಣ್ಣ.

"ಡೀಸೆಲ್ಲಲ್ಲಿ ಓಡಿರುತ್ತೆ ಕಣ್ರೀ. ಅದಕ್ಕೇನ್ ಕಷ್ಟ?"

ಆಮೇಲೆ ಮುನಿಶಾಮಣ್ಣ ನೆಲ ನೋಡುತ್ತ ಹೇಳಿದ: "ಸದ್ದು ಬದ್ಲಾಗ್ಲಿಲ್ಲ ಅಂತ ನಂಗೆ ಅನ್ಸಿತ್ತು. ಸೀಸೆ ಸುಳ್ಳೇಳುತ್ತಾ ಅಂತ ಸುಮ್ನಾದೆ."

ಸೀಸೆ ಸುಳ್ಳು ಹೇಳುವುದಿಲ್ಲ. ಎಂಟು ಗೆರೆ ಇಳಿಯಬೇಕಾದ್ದು ಎರಡೇ ಇಳಿದಿದೆಯೆಂದರೆ ಆರು ಗೆರೆಯ ಡೀಸೆಲ್ಲನ್ನು ಯಾರೋ ನಡುವೆ ಸೀಸೆಗೆ ಸುರಿದಿದ್ದಾರೆ. ಮುನಿಶಾಮಣ್ಣ ಕಣ್ಣು ಮುಚ್ಚಿದ್ದ. ಉಳಿದವರೆಲ್ಲ ಹೊರಗೆ ನನ್ನ ಭಾಷಣ ಕೇಳುತ್ತಿದ್ದರು. ಕೋಣೆಯ ಮೂಲೆಯಲ್ಲಿ ಡೀಸೆಲ್ ಕ್ಯಾನಿತ್ತು. ಗ್ಯಾಸು ಸತ್ತಿದೆಯೆಂಬುದು ಆ ಬೆಳಿಗ್ಗೆ ಗೊತ್ತಿರಬಹುದಾದವರು ಒಬ್ಬರೇ: ಅದರ ಮೇಲೆ ಕಾಫಿ ಕಾಯಿಸಲು ಹೋಗಿ, ಆಗದೆ, ಸೌದೆ ಹೊತ್ತಿಸಿದವರು. ಊರನ್ನೆಲ್ಲ ಆಧಾರ ಕೇಳುವವನ ಎದುರಿಗೇ ಆಧಾರ ಹೊಗೆಯಾಗಿ ಏಳುತ್ತಿತ್ತು. ನಾನು ಅದಕ್ಕೆ ಅನುಕಂಪ ಸೂಚಿಸಿ ಮುಂದೆ ಹೋಗಿದ್ದೆ.

ಆವತ್ತೇ ಪಿಳ್ಳಪ್ಪನಿಗೆ ಹೇಳಬೇಕೆಂದು ಹೊರಟೆ. ಮುನಿಶಾಮಣ್ಣ ಸೈಕಲ್ ಅಡ್ಡ ಇಟ್ಟ. "ಒಂದ್ ತಿಂಗ್ಳು ಬಾಯ್ ಮುಚ್ಕೊಂಡಿರು ಸ್ವಾಮಿ. ಇಲ್ದಿದ್ರೆ ಬಳ್ಳಿ ಓಯ್ತದೆ." ತಿಂಗಳು ಬಾಯಿ ಮುಚ್ಚುವುದು ನನ್ನ ಜಾತಕದಲ್ಲೇ ಇರಲಿಲ್ಲ. ಆದರೆ ತಪ್ಪಿದ್ದು ನನ್ನ ತೀರ್ಪು, ಅವನ ಸಿದ್ಧಾಂತವಲ್ಲ. ನನ್ನ ಬೆನ್ನು ತಿರುಗಿದ ತಪ್ಪಿಗೆ ಎರಡೆಕರೆ ತೋಟ ಏಕೆ ದಂಡ ತೆರಬೇಕು? ನಿಜವನ್ನು ಹೇಳುವ ಮೊದಲು ಅದನ್ನು ನಿಜ ಮಾಡಿಯೇ ತೀರುವುದೆಂದು ಹಟ ತೊಟ್ಟೆ.

ಕಾಲೇಜು ಬಿಟ್ಟೊಡನೆ ಹೆಬ್ಬಾಳದಲ್ಲಿ ಬಸ್ ಹಿಡಿದು ದಿನಾ ಹೋದೆ. ಟ್ಯಾಂಕಿನ ಸತ್ತ ಬಗ್ಗಡವನ್ನು ಬಕೆಟ್ಟುಗಟ್ಟಲೆ ತೋಡಿ ಹೊರಹಾಕಿದೆವು. ಪಕ್ಕದೂರಿನ ಚೆನ್ನಾಗಿ ನಡೆಯುತ್ತಿದ್ದ ಟ್ಯಾಂಕೊಂದರಿಂದ, ಹಾಲಿಗೆ ಹೆಪ್ಪು ತರುವ ಹಾಗೆ, ನಾಲ್ಕು ಡಬ್ಬ ಬಗ್ಗಡ ತಂದು ಹಾಕಿದೆವು. ಹೊಸ ಸಗಣಿಯನ್ನು ಮೊಣಕೈವರೆಗೆ ಇಳಿದು ಕದಡುವಾಗ ಮುನಿಶಾಮಣ್ಣ, "ಯಾವ್ ಪಕ್ಷ ಸ್ವಾಮಿ ಇವತ್ತು, ವರವೋ ಶಾಪವೋ?" ಎಂದು ಕೇಳುತ್ತಿದ್ದ. ಈ ನಡುವೆ ಪಿಳ್ಳಪ್ಪ, ಟ್ಯಾಂಕಿಗೆ ರಿಪೇರಿ ಎಂಬ ನಮ್ಮ ಮಾತನ್ನು ನಂಬಿ, ಗೆದ್ದ ತಮ್ಮನ ಅಭಿಮಾನದಿಂದ, ತಾನೇ ಬಂಕಿನ ಸಾಲಿನಲ್ಲಿ ನಿಂತು ಡೀಸೆಲ್ ತಂದು ಬಳ್ಳಿಗಳನ್ನು ಕಾಪಾಡುತ್ತಿದ್ದ. ಸುಳ್ಳು ಫಲಿತಾಂಶವೊಂದು ಇಷ್ಟು ಪ್ರಾಮಾಣಿಕವಾಗಿ ದುಡಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಯುಗಾದಿಗೆ ಮೂರು ದಿನವಿರುವಾಗ ಡ್ರಮ್ಮು ಆಳೆತ್ತರಕ್ಕೆ ಎದ್ದು ನಿಂತಿತು. ಎರಡನೆಯ ಪರೀಕ್ಷೆಯಲ್ಲಿ ನಾನು ಸೀಸೆಯ ಮುಂದೆ ಮಂಡಿಯೂರಿ, ಅದನ್ನು ಹೆಚ್ಚೂಕಡಿಮೆ ತಬ್ಬಿಕೊಂಡೇ ಅರ್ಧ ಗಂಟೆ ಕೂತೆ. ಗ್ಯಾಸು ಒಳಹೋದೊಡನೆ ಸದ್ದು ಮೆತ್ತಗಾದದ್ದು ನನ್ನ ಕಿವಿಗೂ ಗೊತ್ತಾಯಿತು. ಮೂರು ಗೆರೆ ಇಳಿಯಿತು. ಎರಡಲ್ಲ, ಮೂರು. ಉಳಿತಾಯ ಐದು ಗೆರೆ, ಮುಕ್ಕಾಲಿಗೆ ಒಂದು ಗೆರೆ ಕಡಿಮೆ. ಆಮೇಲೆ ಪಿಳ್ಳಪ್ಪನಿಗೆ, ಸುರಿದವರ ಹೆಸರೊಂದನ್ನು ಬಿಟ್ಟು, ಎಲ್ಲವನ್ನೂ ಒಪ್ಪಿಸಿದೆ.

"ಅಂಗಾರೆ ಮೊದಲ್ನೇ ಸಲ ನೀನ್ ಏಳಿದ್ದು ಸುಳ್ಳು?"

"ಸುಳ್ಳು."

"ಈಗ ಏಳ್ತಿರೋದು ದಿಟ?"

"ದಿಟ."

"ಎಲ್ಡ್ ಸಲಾನೂ ಎಂಜಿನ್ ಒಂದೇ ತರ ನೀರೆತ್ತಿತ್ತು ಕಣಯ್ಯ" ಎಂದ ಪಿಳ್ಳಪ್ಪ. "ನಿನ್ ಮಖ ಮಾತ್ರ ಬ್ಯಾರೆ ಇತ್ತು."

ತೋಟ ಇವತ್ತಿಗೂ ಇದೆ, ಮೂರಡಿ ಮೇಲ್ಮಣ್ಣಿನ ಸಮೇತ. ಟೀ ಅಂಗಡಿಯವರು ಏನಾದರೂ ಹೇಳಿಕೊಳ್ಳಲಿ, ಎಂಜಿನ್ನು ದಿನಕ್ಕೆ ಎರಡು ಗಂಟೆ, ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಡೀಸೆಲ್ಲಿನಲ್ಲಿ, ನಿಯತ್ತಾಗಿ ಓಡುತ್ತಿದೆ. ಆ ಎರಡು ಗಂಟೆಗೆ ಟ್ಯಾಂಕಿನ ಗ್ಯಾಸೆಲ್ಲ ಮುಗಿದುಹೋಗುತ್ತದೆ. ಹೋದ ವಾರ ಹೋಗಿದ್ದೆ. ಅಡುಗೆಮನೆಯ ಗೋಡೆ ಸೂರಿನವರೆಗೂ ಕಪ್ಪಾಗಿದೆ. ಅಕ್ಕಯ್ಯಮ್ಮ ಊದುಗೊಳವೆ ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಮಜ್ಜಿಗೆ ತಂದುಕೊಟ್ಟರು. ಮೂರು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಲೋಟ ಕೆಳಗಿಡುವ ಮೊದಲೇ ಕೇಳಿಬಿಟ್ಟೆ.

"ಆವತ್ತು ನೀವು ಸುಮ್ಮನಿದ್ದಿದ್ರೆ ಗ್ಯಾಸು ಸೋತಿತು ಅಂತ ನಾನು ಹೇಳ್ತಿದ್ದೆ. ತೋಟ ಹೋಗ್ತಿತ್ತು, ನಿಜ, ಆದ್ರೆ ಗ್ಯಾಸು ಸರಿಹೋದ ಮೇಲೆ ನಿಮ್ಮ ಒಲೆಗೇ ವಾಪಸ್ ಬರ್ತಿತ್ತು. ಗೊತ್ತಿದ್ದೂ ಯಾಕೆ ಸುರಿದ್ರಿ, ಅಕ್ಕಯ್ಯಮ್ಮ?"