ಪ್ರಫುಲ್ಲಕ್ಕ ತೆಗೆಯದೆ ಬಿಟ್ಟ ಟಿಕ್

ಶಂಕರಪುರದ ಸುತ್ತಲಿನ ಮದುವೆಗಳೆಲ್ಲ ಮೊದಲು ನಡೆಯುವುದು ಪ್ರಫುಲ್ಲಕ್ಕನ ಕಂಪ್ಯೂಟರಿನಲ್ಲಿ. ಆಮಂತ್ರಣ ಪತ್ರಿಕೆ ಟೈಪ್ ಮಾಡುವವಳು ಅವಳೇ. ಉಡುಪಿಯ ಪ್ರೆಸ್ಸಿನಲ್ಲಿದ್ದಾಗ ಜನ ಪಕ್ಕದಲ್ಲೇ ಕುರ್ಚಿ ಎಳೆದು ಕೂತು, "ನಮ್ಮ ಮಾವನ ಹೆಸರು ಮೇಲೆ ಬರಲಿ" ಎಂದು ಜಗಳವಾಡುತ್ತಿದ್ದರು. ಪ್ರೆಸ್ಸು ಮುಚ್ಚಿತು, ಕಂಪ್ಯೂಟರ್ ಮನೆಗೆ ಬಂತು, ಜಗಳ ವಾಟ್ಸಾಪಿಗೆ ಹೋಯಿತು. ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಸ್ವರ ತೆಗೆಯುವುದು ಕುಕ್ಕರ್ ಒಂದೇ.

ಹೋದ ವರ್ಷ ಯಾವುದೋ ಪುಕ್ಕಟೆ ಫಾಂಟ್ ಇಳಿಸಲು ಹೋಗಿ 'ನೆಕ್ಸ್ಟ್, ನೆಕ್ಸ್ಟ್' ಒತ್ತಿದಳು ನೋಡಿ, ಶನಿ ಒಳಗೆ ಹೊಕ್ಕಿತು. ಮದುಮಗಳ ಹೆಸರಿನ ಮೇಲೆ ಬೊಜ್ಜು ಕರಗಿಸುವ ಮಾತ್ರೆಯ ಜಾಹೀರಾತು! ಮುಹೂರ್ತದ ಮೇಲೆ ಇಸ್ಪೀಟು! ಒಂದನ್ನು ಮುಚ್ಚಿದರೆ ಎರಡು ತೆರೆಯುತ್ತದೆ. ಥೂ, ಮಾನ ಮರ್ಯಾದೆ ಇಲ್ಲದ್ದು.

ಕಾಪುವಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ದೀಕ್ಷಿತಾ ಸ್ಕೂಟರಿನಲ್ಲಿ ಬಂದಳು. ಬೇಡದ ಪ್ರೋಗ್ರಾಂಗಳನ್ನು ಒಂದೊಂದಾಗಿ ಕಿತ್ತುಹಾಕಿ ಸ್ಕ್ಯಾನ್ ಇಟ್ಟಳು. ಸ್ಕ್ಯಾನ್ ಮುಗಿಯುವ ತನಕ ಎಂತ ಮಾಡುವುದು? ಗೋಳಿಬಜೆ ತಿಂದಳು, ಚಹಾ ಕುಡಿದಳು, ಅತ್ತೆಯನ್ನು ಬೈದಳು, ಮಲ್ಲಿಗೆಯ ರೇಟನ್ನೂ ಬೈದಳು. ಪ್ರಫುಲ್ಲಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಗೆ ನಗದೆ ಎಷ್ಟು ಕಾಲವಾಗಿತ್ತೋ.

"ಅಕ್ಕ, ಪುಕ್ಕಟೆಯದ್ದು ಹಾಕುವಾಗ ಕೆಳಗೆ ಸಣ್ಣ ಚೌಕದಲ್ಲಿ ಮೊದಲೇ ಟಿಕ್ ಇರುತ್ತದೆ. ಈ ಜಾಹೀರಾತೆಲ್ಲ ಒಳಗೆ ಬರುವುದು ಅದರಿಂದಲೇ. ಅದನ್ನು ತೆಗೆಯಿರಿ, ಅಷ್ಟೇ," ಎಂದು ಹೇಳಿ ಹೊರಟಳು.

ಒಂದು ಒತ್ತಕ್ಷರ ತಪ್ಪಿದರೂ ಹಿಡಿಯುವ ಕಣ್ಣು ಪ್ರಫುಲ್ಲಕ್ಕನದು. ಟಿಕ್ ಕಾಣದೇ ಇದ್ದೀತೇ? ಮುಂದೆ ಇನ್ನೊಂದು ಫಾಂಟ್ ಹಾಕುವಾಗ ಚೆನ್ನಾಗಿಯೇ ಕಂಡಿತು. ತೆಗೆಯಲಿಲ್ಲ. ಸುಮ್ಮನೆ ಬಂದು ಕೂತುಕೋ ಎಂದು ಕರೆಯಲು ಅವಳಿಗೆ ನಾಚಿಕೆ. ಕಂಪ್ಯೂಟರ್ ಕೆಟ್ಟಿದೆ ಎಂದು ಕರೆದರೆ ಯಾರೂ ಎಂತಕ್ಕೆಂದು ಕೇಳುವುದಿಲ್ಲ.

ದೀಕ್ಷಿತಾ ಬಂದಳು, ತಿಂದಳು, ನಗಿಸಿದಳು. ಮೂರನೆಯ ಸಲ ಮಾತ್ರ ಅವಳಿಗೇ ಕನಿಕರ ಬಂತು. "ಪಾಪ ಅಕ್ಕ, ಪ್ರತಿ ಸಲ ನಿಮಗೆ ಉಪದ್ರ. ಇದೊಂದು ಪ್ರೋಗ್ರಾಂ ಹಾಕಿಟ್ಟಿದ್ದೇನೆ, ಇನ್ನು ಅಂಗಡಿಯಲ್ಲಿ ಕೂತೇ ಸರಿಮಾಡುತ್ತೇನೆ," ಎಂದಳು. ಆ ಮಾತು ಪ್ರಫುಲ್ಲಕ್ಕನ ತಲೆಗೆ ಸರಿಯಾಗಿ ಹೋಗಲಿಲ್ಲ.

ಮತ್ತೆ ಜಾಹೀರಾತು ಬಂತು, ಬರದೆ ಎಲ್ಲಿಗೆ ಹೋಗುತ್ತದೆ! ಪ್ರಫುಲ್ಲಕ್ಕ ಹಿಟ್ಟು ಕಲಸಿಟ್ಟೇ ಫೋನ್ ಮಾಡಿದ್ದು.

"ಸ್ಕ್ರೀನಿನಲ್ಲಿ ಒಂದು ನಂಬರ್ ಉಂಟಲ್ಲ ಅಕ್ಕ, ಅದನ್ನು ಹೇಳಿ."

ಹೇಳಿದಳು. ಬಾಣದ ಗುರುತು ತಾನಾಗಿಯೇ ಓಡಾಡತೊಡಗಿತು. ಬೇಡದ್ದನ್ನೆಲ್ಲ ಹುಡುಕಿ ಹುಡುಕಿ ಕೀಳುತ್ತಿದೆ, ಪಕ್ಕದ ಕುರ್ಚಿ ಖಾಲಿ. ಪ್ರಫುಲ್ಲಕ್ಕ ಮೌಸನ್ನು ಗಟ್ಟಿಯಾಗಿ ಹಿಡಿದು ತನ್ನತ್ತ ಎಳೆದಳು. ಬಾಣ ಅತ್ತಿತ್ತ ಜಗ್ಗಾಡಿತು.

"ಮೌಸ್ ಬಿಡಿ ಮಾರಾಯ್ರೆ, ನನಗೆ ಕೆಲಸ ಮಾಡಲಿಕ್ಕೆ ಆಗುವುದಿಲ್ಲ."

"ಗೋಳಿಬಜೆಗೆ ಹಿಟ್ಟು ಕಲಸಿದ್ದೇನೆ, ದೀಕ್ಷಿತಾ."

"ಓ, ಯಾರೋ ಬರುವವರಿದ್ದಾರೆ ಅಲ್ವಾ? ಹಾಗಾದರೆ ಬೇಗ ಮುಗಿಸಿ ಕೊಡುತ್ತೇನೆ."

"ಹೌದು," ಎಂದು ಪ್ರಫುಲ್ಲಕ್ಕ ಮೌಸ್ ಬಿಟ್ಟಳು.