ರವಿಯ ಹೆಸರಿನಲ್ಲಿದ್ದ ಮಷೀನ್ ಗನ್

ಸುಧಾ, ಟೆಕ್ಸಾಸಿನಲ್ಲಿ ನಿನ್ನ ತಮ್ಮನ ಮನೆಯಲ್ಲಿದ್ದ ಆ ಮಷೀನ್ ಗನ್ ರವಿಯದಲ್ಲ — ನನ್ನದು. ಇಷ್ಟು ವರ್ಷ ನಿನ್ನೆದುರು ಕೂತು ಊಟ ಮಾಡಿದ್ದೇನೆ; ಈ ಒಂದು ಮಾತು ಬಾಯಿಗೆ ಬರಲಿಲ್ಲ.

ನಾವು ಸಿಂಡೆಲ್‌ಫಿಂಗೆನ್‌ಗೆ ಬಂದ ಎರಡನೆಯ ಚಳಿಗಾಲ. ಜರ್ಮನಿಯ ಗ್ರೀನ್ ಕಾರ್ಡ್ ಎಂದರೆ ಐದೇ ವರ್ಷದ ಪರ್ಮಿಟ್. ಆಮೇಲೇನು ಎಂದು ಯಾರಿಗೂ ಗೊತ್ತಿರಲಿಲ್ಲ. ಕೊಂಡ ಶೇರುಗಳೆಲ್ಲ ನೆಲಕಚ್ಚಿದ್ದವು. ಆಗ ಅಮೆರಿಕದಿಂದ ಬಂದಿದ್ದ ಸಹೋದ್ಯೋಗಿಯೊಬ್ಬ ಕ್ಯಾಂಟೀನಿನಲ್ಲಿ ಹೇಳಿದ — ಅಲ್ಲಿ ಸರ್ಕಾರದಲ್ಲಿ ನೋಂದಣಿಯಾದ ಹಳೆಯ ಮಷೀನ್ ಗನ್‌ಗಳನ್ನು ಜನ ಕೊಳ್ಳಬಹುದಂತೆ. ಎಂಬತ್ತರ ದಶಕದಲ್ಲೇ ಹೊಸ ನೋಂದಣಿ ನಿಂತಿದೆ. ಇರುವಷ್ಟೇ ಇರುವುದು, ಬೆಲೆ ಏರುತ್ತಲೇ ಹೋಗುವುದು.

ಇಲ್ಲಿ ಅಂಥದ್ದನ್ನು ಇಟ್ಟುಕೊಂಡರೆ ಜೈಲು. ಅಲ್ಲಿ ಕೊಳ್ಳಲು ಅಮೆರಿಕದ ಗ್ರೀನ್ ಕಾರ್ಡಾದರೂ ಬೇಕು; ಅದಿದ್ದದ್ದು ರವಿಗೆ. ದೀಪಾವಳಿ ಪಟಾಕಿಗೂ ಕಿವಿ ಮುಚ್ಚಿಕೊಂಡು ಒಳಗೆ ಓಡುತ್ತಿದ್ದ ರವಿಗೆ!

"ಭಾವಾ, ನನಗದು ಬ್ಯಾಡ್ರಿ. ಮನ್ಯಾಗ ಕೂಸದ," ಎಂದ.

"ಬಂದೂಕು ಅಂತ ಯಾಕ ತಿಳ್ಕೋತಿ? ಬಂಗಾರ ಅಂತ ತಿಳ್ಕೊ. ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕು."

ಅಕ್ಕನ ಗಂಡನ ಮಾತು, ತೆಗೆದುಹಾಕಲಾರದೆ ಹೋದ. ಬೆರಳಚ್ಚು ಕೊಟ್ಟು, ತಿಂಗಳುಗಟ್ಟಲೆ ಕಾದು, ನನ್ನ ದುಡ್ಡಿನಲ್ಲಿ ತನ್ನ ಹೆಸರಿಗೆ ಕೊಂಡ. ಬಂದೂಕು ಕಾನೂನುಬದ್ಧವಾಗಿಯೇ ಇತ್ತು — ಕಾನೂನಿಗೆ ವಿರುದ್ಧವಾದದ್ದು ಅವನ ಹೆಸರಿನ ಹಿಂದೆ ನಾನು ಅಡಗಿದ್ದು. ಹೆಂಡತಿ ಮೈತ್ರಿಗೂ ಹೇಳಬೇಡ ಎಂದವನೂ ನಾನೇ.

ಆಮೇಲೆ ರವಿಯ ಕೆಲಸ ಹೋಯಿತು. ಚಿಕ್ಕ ಮನೆಗೆ ಹೋಗಲು ಸಾಮಾನು ಕಟ್ಟುವಾಗ ಮೈತ್ರಿ ಆ ಪೆಟ್ಟಿಗೆ ತೆಗೆಸಿದಳು. ಮಾತು ಬಿಟ್ಟು ಕೂತಿದ್ದ ಗಂಡ, ಮುಚ್ಚಿಟ್ಟ ಮಷೀನ್ ಗನ್ — ಅವಳು ಏನೆಂದು ತಿಳಿಯಬೇಕಿತ್ತು? ಮಗಳನ್ನೆತ್ತಿಕೊಂಡು ಹೊರಟೇಹೋದಳು.

ರವಿ ನನ್ನ ಆಫೀಸಿಗೆ ಫೋನ್ ಮಾಡಿದ. "ಭಾವಾ, ಆಕೀಗೆ ನೀವ ಒಂದ ಮಾತ ಹೇಳ್ರಿ. ಅದು ನಿಮ್ದು ಅಂತ ಹೇಳ್ರಿ, ಸಾಕು."

ನಮ್ಮ ಪರ್ಮಿಟ್ ನವೀಕರಣ ಹತ್ತಿರವಿತ್ತು; ನನ್ನ ಹೆಸರು ಕೋರ್ಟಿಗೆ ಹೋಗಿ ಸುದ್ದಿ ಇಲ್ಲಿಗೆ ಮುಟ್ಟಿದರೆ? ಔಸ್‌ಲೆಂಡರ್‌ಬೆಹೋರ್ಡೆಯಲ್ಲಿ, ಆ ವಿದೇಶಿಯರ ಕಚೇರಿಯಲ್ಲಿ, ನಮ್ಮ ಪಾಸ್‌ಪೋರ್ಟ್ ತಿರುವಿ ನೋಡುತ್ತಿದ್ದ ಹೆಂಗಸಿನ ಮುಖ ಕಣ್ಮುಂದೆ ಬಂತು. ನಾನಂದೆ — "ಅದು ನಿನ್ನ ಹೆಸರಿನಾಗ ಅದ, ರವಿ. ನನಗೇನೂ ಗೊತ್ತಿಲ್ಲ."

ಅವನು ಬೈಯಲಿಲ್ಲ. "ಆತ್ರಿ," ಎಂದು ಫೋನ್ ಇಟ್ಟ.

ಸಂಜೆ ನೀನು ಅಳುತ್ತ ಕೇಳಿದೆ, "ನನ್ನ ತಮ್ಮಗ ಏನ ಹುಚ್ಚ ಹಿಡದದ?" "ಯಾರ ತಲ್ಯಾಗ ಏನಿರ್ತದೋ" ಎಂದೆ ನಾನು. ನೀನು ಅವನೊಂದಿಗೆ ಮಾತು ಬಿಟ್ಟೆ. ಬಿಡಿಸಿದವನು ನಾನು.

ಕೋರ್ಟು ಮಗಳನ್ನು ಮೈತ್ರಿಗೇ ಕೊಟ್ಟಿತು. ರವಿ ಬಂದೂಕು ಮಾರಿದ. ನಾನೆಣಿಸಿದ್ದಕ್ಕಿಂತ ಹೆಚ್ಚೇ ಬೆಲೆ ಬಂತು. ತನಗೆಂದು ಏನೂ ಇಟ್ಟುಕೊಳ್ಳದೆ ಅಷ್ಟನ್ನೂ ಕಳಿಸಿದ. ಬೋನಸ್ ಎಂದು ನಿನಗೆ ಹೇಳಿ ಈ ಮನೆಗೆ ಮುಂಗಡ ಕಟ್ಟಿದ್ದು ಅದರಿಂದಲೇ.

ಅವನು ತೀರಿಕೊಂಡ ಸುದ್ದಿ ಬಂದಾಗ — ಒಂಟಿಯಾಗಿ, ಎದೆನೋವು, ಪಕ್ಕದವರಿಗೆ ತಿಳಿಯುವಷ್ಟರಲ್ಲಿ... — ನೀನು ಹೋಗಲಿಲ್ಲ. "ನನ್ನ ಪಾಲಿಗೆ ಅಂವಾ ಎಂದೋ ಸತ್ತಾನ" ಎಂದು ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಒಳಗೆ ಅಳುವುದು ಕೇಳುತ್ತಿತ್ತು. ನಾನು ಹೊರಗೇ ನಿಂತಿದ್ದೆ. ಆಗಲಾದರೂ —

ಹೇಳಲಿಲ್ಲ.

ಅಪ್ಪ ಎಂದರೆ ಅಪಾಯ ಎಂದೇ ತಿಳಿದು ಅವನ ಮಗಳು ಬೆಳೆದಳು. ನಿನ್ನೆ ಅವಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಇಂಗ್ಲಿಷಿನಲ್ಲಿ ಕೇಳಿದಳು: "ಅಪ್ಪ ಬದುಕಿದ್ದಾಗ ಯಾಕೆ ಹೇಳಲಿಲ್ಲ?" ಫೋನ್ ಇಟ್ಟಳು; ಮತ್ತೆ ಎತ್ತಿಲ್ಲ.

ನೀನೂ ಅದನ್ನೇ ಕೇಳುತ್ತೀ, ಸುಧಾ.