ನಾನು ‘ಲೈನ್ ಕೊಡ್ರಿ’ ಅಂದ ದಿನ

ಒಂದೇ ಒಂದು ಇಂಗ್ಲಿಷ್ ಪದದಿಂದ ಮನುಷ್ಯ ಸಾಯಬಹುದೇ? ಸಾಯಬಹುದು. ಕೊಲ್ಲುವವನು ನಾನೇ ಆಗಲಿದ್ದೆ.

ಎಂಬತ್ತರ ದಶಕದ ಮಾತು. ಆಗ ನಾನು ಕಾಗವಾಡದ ಹತ್ತಿರದ ಶಿರಗುಪ್ಪಿಯಲ್ಲಿ ಇಂಗ್ಲಿಷ್ ಮಾಸ್ತರ. ಚೌಗುಲೆ ಎಂಬ ಜೈನ ರೈತರ ಮನೆಯ ಹೊರಕೋಣೆಯಲ್ಲಿ ನನ್ನ ಬಿಡಾರ. ಇಡೀ ಓಣಿಗೆ ಇದ್ದದ್ದು ಅವರ ಪಡಸಾಲೆಯ ಒಂದೇ ಫೋನು. (ಹಿಡಿಕೆ ತಿರುಗಿಸಿ, ಎಕ್ಸ್‌ಚೇಂಜಿನವರನ್ನು ಕರೆದು, ಬೇಕಾದ ನಂಬರ್ ಹೇಳಿ ಕಾಯುವ ಫೋನು. ಈಗಿನವರಿಗೆ ನಂಬಿಕೆಯಾಗಲಿಕ್ಕಿಲ್ಲ.)

ಆ ದಿನ ಬೆಳಿಗ್ಗೆ ನನ್ನ ತಂಗಿಯನ್ನು ನಿಪ್ಪಾಣಿಯಲ್ಲಿ ಹೆರಿಗೆಗೆ ಸೇರಿಸಿದ್ದರು. ಅವಳ ಮೊದಲ ಮಗು ಉಳಿದಿರಲಿಲ್ಲ. ಭಾವ ಫೋನ್ ಮಾಡಿ, “ಭಾಳ ತ್ರಾಸ ಆಗಾಕತ್ತೈತಿ...” ಅನ್ನುವಷ್ಟರಲ್ಲಿ ಕಟ್ ಆಯಿತು. ಆಮೇಲೆ ಸುರುವಾಯಿತು ನನ್ನ ಪಾಡು.

“ನಿಪ್ಪಾಣಿ ಲೈನ್ ಕೊಡ್ರಿ.”

“ಬಿಜಿ ಐತ್ರಿ. ತಡೀರಿ.”

ಹೀಗೆ ನಾಲ್ಕೈದು ಸಲ. ಅಷ್ಟರಲ್ಲಿ ಲೈನ್‌ಮನ್ ದಸ್ತಗೀರ ಬಂದ. ನನ್ನದೇ ವಯಸ್ಸು, ನನ್ನ ಜೊತೆ ದಿನಾ ಚಹಾ ಕುಡಿಯುವ ಗೆಳೆಯ. ಮನೆಯ ಹಿಂದಿನ ಕಬ್ಬಿನ ಹೊಲದ ಕರೆಂಟ್ ಕಂಬದಲ್ಲಿ ತಂತಿ ಸಡಿಲಾಗಿತ್ತು. ಅವನು ಇದೇ ಫೋನಿನಿಂದ ಸಬ್‌ಸ್ಟೇಷನ್‌ಗೆ ಮಾತಾಡಿ ಕರೆಂಟ್ ತೆಗೆಸಿದ. “ಕೆಲಸ ಮುಗದ ಮ್ಯಾಲೆ ಇಲ್ಲಿಂದನ ಹೇಳ್ತೀವ್ರಿ, ಆಮ್ಯಾಲೆ ಲೈನ್ ಕೊಡ್ರಿ” ಅಂದ. ನನ್ನ ಕಡೆ ತಿರುಗಿ, “ತಂಗಿ ಊರಿಗೆ ಲೈನ್ ಸಿಗವಲ್ದೇನ್ರಿ ಮಾಸ್ತರ? ಬರತೈತಿ, ಅಂಜಬ್ಯಾಡ್ರಿ” ಅಂತ ಹೇಳಿ ಹೊರಟ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿಕೆ ತಿರುಗಿಸಿದೆ. ಗಂಡಸಿನ ದನಿ ಬಂತು.

“ಎಷ್ಟೊತ್ತು ಕಾಯೂದ್ರಿ? ಲಗೂನ ಲೈನ್ ಕೊಡ್ರಿ!” ಅಂದೆ.

“ಶಿರಗುಪ್ಪಿ, ಚೌಗುಲೆಯವರ ಮನಿಂದ ಹೌದಲ್ರಿ?”

“ಹೌದ್ರಿ, ಕೊಡ್ರಿ!”

“ಎಲ್ಲಾರೂ ಇಳದಾರಲ್ಲ?”

ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. “ಹೂಂ ಹೂಂ” ಅಂದೆ. ಅತ್ತ ಫೋನ್ ಇಟ್ಟರು.

ಇಳದಾರಲ್ಲ? ಯಾರು ಇಳಿಯಬೇಕು? ಎಲ್ಲಿಂದ?

ಕಂಬದಿಂದ!

ದಸ್ತಗೀರ ಮಾತಾಡಿದ ಮೇಲೆ ಎಕ್ಸ್‌ಚೇಂಜಿನಲ್ಲಿ ಯಾರೋ ಆ ಜೋಡಣೆ ತೆಗೆಯದೆ ಹಾಗೇ ಬಿಟ್ಟಿದ್ದರು. ನಾನು ಮಾತಾಡಿದ್ದು ಸಬ್‌ಸ್ಟೇಷನ್ ಆಪರೇಟರ್ ಜೊತೆ. ಗಡಗಡ ಹಿಡಿಕೆ ತಿರುಗಿಸಿದೆ. ಅತ್ತ ಗಂಟೆ ಬಾರಿಸುತ್ತಲೇ ಇತ್ತು, ಎತ್ತುವವರಿಲ್ಲ. ಎತ್ತಬೇಕಾದವನು ಸ್ವಿಚ್ಚಿನ ಕಡೆ ಹೊರಟಿದ್ದ.

ಬರಿಗಾಲಲ್ಲಿ ಓಡಿದೆ. ಕಬ್ಬಿನ ಗರಿ ಮುಖ ಕೊಯ್ಯುತ್ತಿತ್ತು. ಕಂಬದ ತುದಿಯಲ್ಲಿ ದಸ್ತಗೀರ. ಒಂದು ಕೈ ತಂತಿಯ ಮೇಲೆ.

“ದಸ್ತಗೀರ! ಲೈನ್ ಬಂತು! ಲೈನ್!”

ಅವನು ಮೇಲಿಂದಲೇ ನಕ್ಕ. “ಬಂತೇನ್ರಿ? ಚೊಲೊ ಆತು! ಗಂಡೋ ಹೆಣ್ಣೋ?”

ನನ್ನ ಬಾಯಿಗೆ ಬೇರೆ ಪದವೇ ಬರಲೊಲ್ಲದು. ಮತ್ತೆ ‘ಲೈನ್, ಲೈನ್’ ಅಂತ ಕೂಗಿದೆ. ಅವನು ಮತ್ತೆ ನಗುತ್ತ ತಲೆಯಾಡಿಸಿದ. ಕೈ ಇನ್ನೂ ಅಲ್ಲೇ. ಕೊನೆಗೆ ಹೇಗೋ ಗಂಟಲು ಹರಿಯುವಂತೆ ಕಿರುಚಿದೆ: “ಕರೆಂಟ್! ಕರೆಂಟ್ ಬಿಡಾಕತ್ತಾರ! ಜಿಗಿಯೋ!”

ಅವನು ಅರ್ಧ ಕಂಬ ಜಾರಿ, ಉಳಿದರ್ಧ ಜಿಗಿದು ಕಬ್ಬಿನ ಮೇಲೆ ಬಿದ್ದ. ಎದ್ದು ಕೂರುವ ಮೊದಲೇ ಊರೊಳಗಿನ ಹಿಟ್ಟಿನ ಗಿರಣಿ ಗರ್ರ್ ಅಂತ ಸುರುವಾಯಿತು.

ಇಬ್ಬರೂ ಆ ಸದ್ದು ಕೇಳುತ್ತ ಕೂತೆವು. ಅವನ ಪಾದ ಊದುತ್ತಿತ್ತು.

“ಯಾರ್ರಿ ಕೊಡು ಅಂದವರು?”

“ನಾನ” ಅಂದೆ. ನಡೆದದ್ದೆಲ್ಲ ಹೇಳಿದೆ.

ಅವನು ಊದಿದ ಪಾದವನ್ನು ಒತ್ತಿ ನೋಡಿಕೊಂಡ. ಆಮೇಲೆ ಮೆಲ್ಲಗೆ, “ಮಾಸ್ತರ, ನಮ್ಮ ಮನ್ಯಾಗ ಇದನ್ನ ಹೇಳಬ್ಯಾಡ್ರಿ. ನಾಳಿಂದ ಕಂಬ ಹತ್ತಾಕ ಬಿಡಂಗಿಲ್ಲ ಆಕಿ” ಅಂದ.

ಸಂಜೆ ಸುದ್ದಿ ಬಂತು. ತಂಗಿಗೆ ಹೆಣ್ಣು ಮಗು, ಇಬ್ಬರೂ ಕ್ಷೇಮ. ಮನೆಯೊಡತಿ ಚೌಗುಲೆ ಕಾಕು ಎಲ್ಲರ ಕೈಗೂ ಸಕ್ಕರೆ ಹಾಕಿದರು.

ಎಷ್ಟು ಲೈನ್ ನೋಡಿ ನಮ್ಮ ಬದುಕಿನಲ್ಲಿ! ರೇಷನ್ ಅಂಗಡಿ ಮುಂದಿನದು ಲೈನ್. ರಾಯಬಾಗದ ರೈಲು ಓಡುವುದು ಲೈನ್ ಮೇಲೆ. ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಹೊಡೆಯುವುದೂ ಲೈನ್. (ಆ ಹುಡುಗಿಯರ ಅಣ್ಣಂದಿರು ಹೊಡೆಯುವುದು ಬೇರೆ.) ಕನ್ನಡದಲ್ಲಿ ಸಾಲಿದೆ, ಹಳಿಯಿದೆ, ತಂತಿಯಿದೆ. ಒಂದನ್ನು ಇನ್ನೊಂದೆಂದು ತಿಳಿದು ಯಾರ ಜೀವವೂ ಹೋಗುವುದಿಲ್ಲ. ಆದರೂ ಪೂರಾ ತಪ್ಪು ಆ ಪದದ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ಆಪರೇಟರ್ ಊರು ಕೇಳಿದ, ಮನೆ ಕೇಳಿದ, ಮಾತಾಡುತ್ತಿರುವವನ ಹೆಸರು ಕೇಳಲಿಲ್ಲ. ನಾನೋ, ಏನೂ ಕೇಳಲಿಲ್ಲ, ಬರೀ ಹೂಂಗುಟ್ಟಿದೆ.

‘ಯಾವ ಲೈನ್?’ ಅಂತ ನಮ್ಮಿಬ್ಬರಲ್ಲಿ ಒಬ್ಬರಾದರೂ ಯಾಕೆ ಕೇಳಲಿಲ್ಲ?